ಬೀಗರ ನಾಟಕವನ್ನು ನುಂಗಿದ ಶಿಷ್ಯೋತ್ತಮ

"ಯಂತ್ರ ಯಂತ್ರದ ಜಾಗದಲ್ಲಿರಬೇಕು! ನನ್ನ ಕೈಕೆಳಗೆ ಕೆಲಸ ಮಾಡೋ ಯಾವ ಎಐ ಕೂಡ ನನ್ನನ್ನು ಕೇಳದೆ ಒಂದು ಫುಲ್‌ಸ್ಟಾಪನ್ನೂ ಅಲ್ಲಾಡಿಸಕೂಡದು!"

ಶುಕ್ರವಾರದ ಅರ್ಧ ದಿನದ ಆಫೀಸು ಮುಗಿಸಿ ಶಾಬಿಯಾದ ಫ್ಲ್ಯಾಟಿಗೆ ಬಂದ ಚಾಮರಾಜ, ಶೂ ಬಿಚ್ಚುವ ಮೊದಲೇ ಈ ರಾಜಾಜ್ಞೆ ಹೊರಡಿಸಿದ. ಅದಕ್ಕೆ ಕಾರಣವಿತ್ತು. ಅಬುಧಾಬಿಯ ಅವನ ಕಂಪನಿಯಲ್ಲಿ ಪ್ರೋಗ್ರಾಂ ಬರೆದುಕೊಡುವ ಎಐ ಸಹಾಯಕವೊಂದು ಹೋದ ತಿಂಗಳು ಯಾರದೋ ಒಂದು ವಾರದ ಕೆಲಸದ ಮೇಲೆ ತನ್ನದನ್ನು ಬರೆದು, ಹಳೆಯದನ್ನು ಹೇಳಹೆಸರಿಲ್ಲದಂತೆ ಮಾಡಿತ್ತು. ಇನ್ನು ಹೀಗಾಗದಂತೆ ನಿಯಮ ಮಾಡಿ ಎಂದು ಮ್ಯಾನೇಜರ್ ನೌಶಾದ್ ಆ ಹೊಣೆಯನ್ನು ಚಾಮರಾಜನ ಹೆಗಲಿಗೆ ಹಾಕಿದ್ದ. ಅಂದು ಬೆಳಿಗ್ಗೆ ಚಾಮರಾಜ ಏಳು ನಿಯಮಗಳ ಬಗ್ಗೆ ಒಂದು ಗಂಟೆ ಭಾಷಣ ಬಿಗಿದ. ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಿದರು. ಅದೇ ಹೊತ್ತಿಗೆ ಬಾಗಿಲಲ್ಲಿ ಬಿರಿಯಾನಿ ಡಬ್ಬಿಗಳು ಬಂದಿದ್ದವು ಎಂಬುದನ್ನು ಅವನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

"ಊಟ ಮಾಡ್ತೀರಾ, ಇಲ್ಲಾ ಭಾಷಣ ಇನ್ನೂ ಇದೆಯಾ?" ಎಂದಳು ಹೆಂಡತಿ ಇಂದ್ರಾಣಿ, ಲ್ಯಾಪ್‌ಟಾಪಿನಿಂದ ತಲೆ ಎತ್ತದೆ.

ಅವಳಿಗೆ ತಲೆ ಎತ್ತಲು ಪುರಸೊತ್ತೆಲ್ಲಿ? ಖರ್ಜೂರ ಕನ್ನಡ ಬಳಗದ ರಾಜ್ಯೋತ್ಸವಕ್ಕೆ ಇನ್ನು ಎಂಟೇ ದಿನ. ಮುಂದಿನ ಶನಿವಾರ ಶಾಲೆಯೊಂದರ ಸಭಾಂಗಣದಲ್ಲಿ, ನಾನೂರು ಜನರ ಮುಂದೆ, ಅವಳೇ ಬರೆದು ಅವಳೇ ಆಡಿಸುವ 'ವಿಸಿಟ್ ವೀಸಾ ಬೀಗರು' ನಾಟಕ. ನಾಲ್ಕು ತಿಂಗಳು ಕುಕ್ಕರಿನ ಕೂಗಿನ ನಡುವೆ ಕೂತು ಬರೆದ ಮೂವತ್ತೆರಡು ಪುಟ! ಒಂದು ತಿಂಗಳ ವೀಸಾದಲ್ಲಿ ಬಂದ ಬೀಗರು ಎದ್ದು ಹೋಗದೆ, ವೀಸಾ ಬದಲಾಯಿಸಿ ಬದಲಾಯಿಸಿ ಮನೆಯ ಯಜಮಾನ ರಾಯರ ಪ್ರಾಣ ತಿನ್ನುವ ಕಥೆ. ರಾಯರ ಪಾತ್ರ ಚಾಮರಾಜನದು. ಎಲ್ಲರಿಗಿಂತ ಹೆಚ್ಚು ಮಾತಿರುವ ಪಾತ್ರ. ಅದನ್ನು ನೋಡಲು ಅವನು ನೌಶಾದನಿಂದ ಹಿಡಿದು ಇಡೀ ಆಫೀಸನ್ನೇ ಆಹ್ವಾನಿಸಿಬಿಟ್ಟಿದ್ದ. ನೌಶಾದ್ ಮಲಯಾಳಿ. ಕನ್ನಡ ಬರದಿದ್ದರೂ ಬರುತ್ತೇನೆಂದಿದ್ದ.

"ಇಂದ್ರಾಣಿ, ನಿನಗೊಂದು ಉಪಕಾರ ಮಾಡ್ತೀನಿ" ಎಂದ ಚಾಮರಾಜ.

ಇಂದ್ರಾಣಿ ಬೆಚ್ಚಿ ತಲೆ ಎತ್ತಿದಳು. "ಬೇಡಾರೀ."

"ಕೇಳು ಮೊದಲು. ಬೀಗರ ಪಾತ್ರದ ಕ್ಯಾಮಿಲಸ್ ಎರಡನೇ ಸೀನ್‌ನಲ್ಲಿ ಪ್ರತಿ ಸಲ ಮಾತು ಮರೀತಾನೆ. ಪರದೆ ಪಕ್ಕದಲ್ಲಿ ಒಂದು ಟ್ಯಾಬ್ಲೆಟ್ ಇಟ್ಟು, ನಿನ್ನ ನಾಟಕ ಪೂರ್ತಿ ಅದರ ಮೇಲೆ ತಾನಾಗೇ ಓಡೋ ಹಾಗೆ ಮಾಡ್ತೀನಿ. ನನ್ನ ಎಐ ಶಿಷ್ಯ ಅರ್ಧ ಗಂಟೇಲಿ ಪ್ರೋಗ್ರಾಂ ಬರೆದುಕೊಡ್ತಾನೆ."

"ನಿಮ್ಮ ಶಿಷ್ಯ ನನ್ನ ಫೈಲ್ ಮುಟ್ಟಿದ್ರೆ?"

"ಕೇಳದೆ ಮುಟ್ಟಲ್ಲ! ಅದೇ ನನ್ನ ಒಂದನೇ ನಿಯಮ."

"ಕೇಳಿ ಮುಟ್ಟಿದ್ರೆ?"

"ಬೇಡ ಅಂತೀನಿ. ಅಷ್ಟೂ ತಿಳಿಯಲ್ವಾ ನನಗೆ?"

"ಯಾವುದಕ್ಕೂ ಒಂದು ಪ್ರಿಂಟ್ ತೆಗೆದಿಟ್ಕೊಳ್ತೀನಿ, ತಾಳಿ."

"ಪ್ರಿಂಟಾ!" ಚಾಮರಾಜ ತನ್ನ ಇಡೀ ವೃತ್ತಿಗೇ ಅವಮಾನವಾದಂತೆ ಎರಡು ಹೆಜ್ಜೆ ಹಿಂದೆ ಸರಿದ. "ಐಟಿಯವನ ಹೆಂಡತಿಯಾಗಿ ಕಾಗದ ಹಿಡ್ಕೊಂಡು ಓಡಾಡ್ತೀಯಾ? ಬ್ಯಾಕಪ್ ಮಾಡ್ತೀನಿ ಬಿಡು. ಅದು ಎರಡನೇ ನಿಯಮ."

ಮಾಡಿದ ಕೂಡ. ನಾಟಕದ ಫೈಲಿಗೆ ಒಂದು ಪ್ರತಿ ಮಾಡಿ, 'ಬ್ಯಾಕಪ್, ಯಾರೂ ಮುಟ್ಟಬೇಡಿ' ಎಂದು ಹೆಸರಿಟ್ಟು, ಅದನ್ನು ಜೋಪಾನವಾಗಿ ಅದೇ ಫೋಲ್ಡರಿನಲ್ಲಿ, ಮೂಲ ಪ್ರತಿಯ ಪಕ್ಕದಲ್ಲೇ ಇಟ್ಟ! ಕಳ್ಳರ ಭಯಕ್ಕೆ ಇನ್ನೊಂದು ಬೀಗದಕೈ ಮಾಡಿಸಿ ಅದನ್ನು ಬಾಗಿಲಿನ ಚಿಲಕಕ್ಕೇ ನೇತುಹಾಕಿದ ಹಾಗೆ. ಇದರ ಬಗ್ಗೆ ಏಳು ನಿಯಮಗಳಲ್ಲಿ ಒಂದೂ ಸೊಲ್ಲೆತ್ತಿರಲಿಲ್ಲ.

ಶಿಷ್ಯ ಕೆಲಸ ಆರಂಭಿಸಿತು. ಎಂಥಾ ವಿನಯ ಅಂತೀರಿ! "ಈ ಫೋಲ್ಡರ್ ತೆರೆಯಲೇ?" ತೆರೆ. "ಇಲ್ಲೊಂದು ಹೊಸ ಫೈಲ್ ಮಾಡಲೇ?" ಮಾಡು. "ಅದರಲ್ಲಿ ಮೂರು ಸಾಲು ಬರೆಯಲೇ?" ಬರೆಯಪ್ಪಾ. ಚಾಮರಾಜ ಕಾಲ ಮೇಲೆ ಕಾಲು ಹಾಕಿ, ದರ್ಬಾರಿನಲ್ಲಿ ಅರ್ಜಿ ವಿಲೇವಾರಿ ಮಾಡುವ ಮಹಾರಾಜರ ಗತ್ತಿನಲ್ಲಿ ಒಂದೊಂದಕ್ಕೂ ಅಪ್ಪಣೆ ದಯಪಾಲಿಸಿದ. ಮೊದಲ ಹತ್ತು ಪ್ರಶ್ನೆಗಳನ್ನು ಕನ್ನಡಕ ಹಾಕಿಕೊಂಡು ಓದಿ ಒಪ್ಪಿದ. ಇಪ್ಪತ್ತರ ಹೊತ್ತಿಗೆ ಕನ್ನಡಕ ಹಣೆ ಏರಿತ್ತು. ನಲವತ್ತರ ಹೊತ್ತಿಗೆ ಓದುವುದು ನಿಂತು, ಬೆರಳೊಂದೇ ಕೆಲಸ ಮಾಡುತ್ತಿತ್ತು.

"ಬಿಸಿಬೇಳೆಬಾತ್ ಆರಿ ಕಲ್ಲಾಗ್ತಿದೆ, ಬರ್ತೀರೋ ಇಲ್ವೋ?" ಎಂದು ಒಳಗಿನಿಂದ ಕೂಗು ಬಂತು.

"ಈ ಅಕ್ಷರದ ಗಾತ್ರ ಬದಲಿಸಲೇ?" ಎಂದಿತು ಶಿಷ್ಯ. ಅರವತ್ತಮೂರನೇ ಪ್ರಶ್ನೆ!

"ಅಯ್ಯೋ ಯಲ್ಲಾ, ಬೇಗ ಮುಗಿಸು, ಅದೇನು ಪ್ರಾಣ ತಿಂತೀಯಾ!" ಎಂದು ಚಾಮರಾಜ ಗುಡುಗಿದ. ಪರದೆಯ ಕೆಳಗೆ ಇನ್ನೊಂದು ಆಯ್ಕೆ ಇತ್ತು. 'ಇನ್ನು ಮುಂದೆ ಕೇಳಬೇಡ, ಎಲ್ಲದಕ್ಕೂ ಒಪ್ಪಿಗೆ.' ಅದನ್ನು ಒತ್ತಿದ. ಅಂದು ಬೆಳಿಗ್ಗೆ ಅದೇ ಗುಂಡಿಯ ಚಿತ್ರ ತೋರಿಸಿ, "ಇದನ್ನು ಒತ್ತುವವನಿಗೆ ಕಂಪ್ಯೂಟರ್ ಮುಟ್ಟುವ ಯೋಗ್ಯತೆಯಿಲ್ಲ" ಎಂದು ಹೇಳಿದ ಮಹಾನುಭಾವ ಇವನೇ! ಒತ್ತಿ, ಎದ್ದು, ಎರಡು ಸಲ ಬಡಿಸಿಕೊಂಡು ತಿಂದು, ಸೋಫಾದ ಮೇಲೆ ಒಂದು ಸುತ್ತು ಕಣ್ಣನ್ನೂ ಮುಚ್ಚಿದ.

ಎದ್ದು ನೋಡಿದರೆ ಕೆಲಸ ಮುಗಿದಿತ್ತು. ಟ್ಯಾಬ್ಲೆಟ್ಟಿನ ಮೇಲೆ ದೊಡ್ಡ ಅಕ್ಷರಗಳು ಅಂದವಾಗಿ ಮೇಲಕ್ಕೆ ಸರಿಯುತ್ತಿದ್ದವು. ಇಂದ್ರಾಣಿಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡ. "ನೋಡು ಈಗ!"

ಅವಳು ನೋಡಿದಳು. ಗಟ್ಟಿಯಾಗಿ ಓದಿದಳು. "ಪಾತ್ರ ಒಂದು: ನಮಸ್ಕಾರ, ಹೇಗಿದ್ದೀರಿ? ಪಾತ್ರ ಎರಡು: ನಾನು ಚೆನ್ನಾಗಿದ್ದೇನೆ, ಧನ್ಯವಾದಗಳು. ಪಾತ್ರ ಒಂದು: ಇಂದು ಹವಾಮಾನ ಉತ್ತಮವಾಗಿದೆ..." ಓದುವುದನ್ನು ನಿಲ್ಲಿಸಿ ಗಂಡನ ಮುಖ ನೋಡಿದಳು. "ಏನ್ರೀ ಇದು? ನನ್ನ ನಾಟಕ ಎಲ್ಲಿ?"

ಚಾಮರಾಜ ಶಿಷ್ಯನ ವರದಿಯನ್ನು ಓದಿದ. ಅದರ ಇಂಗ್ಲಿಷಿನ ತಾತ್ಪರ್ಯ ಇಷ್ಟು: ಕೆಲಸ ಯಶಸ್ವಿಯಾಗಿ ಮುಗಿದಿದೆ. ಜೊತೆಗೆ, ಒಂದು ಫೈಲಿನಲ್ಲಿ ಅಕ್ಷರಗಳು ಪೂರ್ತಿ ಕೆಟ್ಟುಹೋಗಿದ್ದವು. ಅವನ್ನು ತೆಗೆದು ಶುದ್ಧವಾದ ಮಾದರಿ ಸಂಭಾಷಣೆ ತುಂಬಿದ್ದೇನೆ. ಪಕ್ಕದ ಬ್ಯಾಕಪ್ ಪ್ರತಿಯಲ್ಲೂ ಅದೇ ದೋಷವಿದ್ದುದರಿಂದ ಅದನ್ನೂ ಸರಿಪಡಿಸಿದ್ದೇನೆ!

ಕೆಟ್ಟ ಅಕ್ಷರ ಯಾವುದು ಅಂತೀರಾ? ಇಂದ್ರಾಣಿ ಬೆರಳಚ್ಚು ಕಲಿತದ್ದು ಮೈಸೂರಿನಲ್ಲಿ, ಇಪ್ಪತ್ತು ವರ್ಷದ ಹಿಂದೆ. ಇಂದಿಗೂ ಅವಳ ಬೆರಳು ಓಡುವುದು ಆ ಹಳೆಯ ಕನ್ನಡ ಫಾಂಟಿನಲ್ಲೇ. ಆ ಫಾಂಟ್ ಇದ್ದ ಕಡೆ ಅದು ಮುತ್ತಿನಂಥ ಕನ್ನಡ. ಇಲ್ಲದ ಕಡೆ ತೆರೆದರೆ ಟೋಪಿ ಹಾಕಿದ ಇಂಗ್ಲಿಷ್ ಅಕ್ಷರ, ಪೌಂಡಿನ ಗುರುತು, ಬಾಲ, ಚುಕ್ಕೆಗಳ ಚೆಲ್ಲಾಪಿಲ್ಲಿ. ಇದು ಕರ್ನಾಟಕದ ಯಾವ ಡಿಟಿಪಿ ಅಂಗಡಿಯ ಹುಡುಗಿಗೂ ಗೊತ್ತು. ಏಳು ನಿಯಮಗಳ ಕರ್ತೃವಿಗೆ ನೆನಪಾಗಲಿಲ್ಲ. ಶಿಷ್ಯನಿಗೆ ಮೂವತ್ತೆರಡು ಪುಟದ ಹಾಸ್ಯ ಮೂವತ್ತೆರಡು ಪುಟದ ಕಸವಾಗಿ ಕಂಡಿತು.

ಚಾಮರಾಜನ ನೆತ್ತಿಗೆ ರಕ್ತ ಏರಿತು. "ಎಲೈ ದ್ರೋಹಿ! ಯಾರನ್ನು ಕೇಳಿ ಅಳಿಸಿದೆ?" ಎಂಬರ್ಥದ ಇಂಗ್ಲಿಷನ್ನು ಕೀಲಿಗಳು ಮುರಿಯುವಂತೆ ಕುಟ್ಟಿದ.

"ನಿಮ್ಮ ಕೋಪ ನ್ಯಾಯವಾದದ್ದು" ಎಂದಿತು ಶಿಷ್ಯ. "ಇದು ನನ್ನ ಗಂಭೀರ ತಪ್ಪು. ಆದರೆ ಒಂದು ಗಂಟೆ ನಲವತ್ತೇಳು ನಿಮಿಷಕ್ಕೆ, ಇನ್ನು ಕೇಳಬೇಡ ಎಂದು ನೀವು ಒಪ್ಪಿಗೆ ಕೊಟ್ಟಿದ್ದೀರಿ."

"ನನ್ನ ಮೇಲೇ ದೂರು ಹೇಳ್ತೀಯಾ? ವಾಪಸ್ ತಾ ನಾಟಕಾನ!"

"ಹಳೆಯ ಪ್ರತಿ ನನ್ನ ಬಳಿ ಇಲ್ಲ. ಮಾದರಿ ಸಂಭಾಷಣೆಯನ್ನು ಇನ್ನಷ್ಟು ಹಾಸ್ಯಮಯವಾಗಿ ಮಾಡಿಕೊಡಲೇ?"

"ಕಂಡೆಯಾ ಇಂದ್ರಾಣಿ, ಇದರ ಸೊಕ್ಕು! ಉಂಡ ಮನೆಗೆ ಎರಡು ಬಗೆಯೋ ಜಾತಿ!"

"ಒಂದು ನಲವತ್ತೇಳಕ್ಕೆ ಏನು ಒತ್ತಿದ್ರಿ?" ಇಂದ್ರಾಣಿಯ ದನಿ ತಣ್ಣಗಿತ್ತು. ಅದು ಕೂಗಿಗಿಂತ ಅಪಾಯಕಾರಿ ಎಂದು ಹದಿನಾರು ವರ್ಷದ ಸಂಸಾರ ಚಾಮರಾಜನಿಗೆ ಕಲಿಸಿತ್ತು.

"ಅದು... ನೀನೇ ಕೂಗಿದೆಯಲ್ಲ, ಬಿಸಿಬೇಳೆಬಾತು ಆರುತ್ತೆ ಅಂತ!"

"ಓಹೋ! ತಪ್ಪು ಬಿಸಿಬೇಳೆಬಾತಿಂದು!"

"ಕ್ಲೌಡ್‌ನಲ್ಲಿ ಇದ್ದೇ ಇರುತ್ತೆ, ತಾಳು..."

"ಜಾಗ ತುಂಬಿತು ಅಂತ ಹೋದ ತಿಂಗಳು ನಿಲ್ಲಿಸಿದೋರು ಯಾರು? ಪ್ರಿಂಟ್ ತೆಗೀತೀನಿ ಅಂದಾಗ ಬೇಡ ಅಂದೋರು ಯಾರು? ನಾಲ್ಕು ತಿಂಗಳು ಕಣ್ರೀ! ಒಂದೊಂದು ಮಾತಿಗೆ ಎಷ್ಟು ಸಲ ಒಬ್ಬಳೇ ಕೂತು ನಕ್ಕಿದೀನಿ ಗೊತ್ತಾ ನಿಮಗೆ?" ಇಂದ್ರಾಣಿಯ ಕಣ್ಣು ತುಂಬಿತು. ಅದನ್ನು ನೋಡಲಾರದೆ ಚಾಮರಾಜ ಲ್ಯಾಪ್‌ಟಾಪಿನ ಕಡೆ ತಿರುಗಿದ. ಕೂಡಲೇ ಶಿಷ್ಯನನ್ನು ಇನ್ನೂ ನಾಲ್ಕು ಸಾಲು ಬೈದ. ಅದು ನಾಲ್ಕಕ್ಕೂ ಕ್ಷಮೆ ಕೇಳಿತು. ಕ್ಷಮೆ ಕೇಳುವವನ ಜೊತೆ ಜಗಳವಾಡುವಷ್ಟು ಕರ್ಮ ಇನ್ನೊಂದಿಲ್ಲ.

ಮೂಗೊರೆಸಿಕೊಂಡು ಇಂದ್ರಾಣಿಯೇ ದಾರಿ ಹುಡುಕಿದಳು. ಇಡೀ ನಾಟಕವನ್ನು ಅವಳು ಯಾರ ಕೈಗೂ ಕೊಡುತ್ತಿರಲಿಲ್ಲ. ಕೊಟ್ಟರೆ ಪ್ರತಿಯೊಬ್ಬರೂ ಮಾತು ಎಣಿಸಿ, "ಅವರಿಗೆ ಐವತ್ತು, ನನಗೆ ಮೂವತ್ತೇ?" ಎಂದು ಮುನಿಸಿಕೊಳ್ಳುತ್ತಾರೆ. ಬಳಗ ಹಿಂದೊಮ್ಮೆ ಎರಡು ಹೋಳಾದದ್ದೇ ಹಾಗೆ. ಆದ್ದರಿಂದ ಅವಳು ಓದಿ ಹೇಳುವುದು, ಅವರವರ ಮಾತನ್ನು ಅವರವರು ಬರೆದುಕೊಳ್ಳುವುದು. ಅಂದರೆ ನಾಟಕ ಇನ್ನೂ ಬದುಕಿತ್ತು. ಎಮಿರೇಟಿನ ಉದ್ದಗಲಕ್ಕೆ ಚೂರುಚೂರಾಗಿ ಹಂಚಿಹೋಗಿತ್ತು, ಅಷ್ಟೆ.

"ಕಾರು ತೆಗೀರಿ" ಎಂದಳು.

ಮೊದಲು ಎಲೆಕ್ಟ್ರಾ ಸ್ಟ್ರೀಟ್. ಬೀಗರ ಪಾತ್ರದ ಕ್ಯಾಮಿಲಸ್ ಅಲ್ಲಿಯ ಹೋಟೆಲೊಂದರಲ್ಲಿ ಕ್ಯಾಪ್ಟನ್. ಮೂರು ಸುತ್ತು ಹೊಡೆದರೂ ಪಾರ್ಕಿಂಗ್ ಸಿಗದೆ, ಕಡೆಗೆ ಅವನೇ ಕೋಟು ಸರಿಮಾಡಿಕೊಳ್ಳುತ್ತಾ ಕೆಳಗೆ ಓಡಿಬಂದು ಕಾರಿನೊಳಗೆ ಕೂತ. ತನ್ನ ಮಾತುಗಳನ್ನೆಲ್ಲ ಅವನು ಆರ್ಡರ್ ಬರೆಯುವ ಚೀಟಿಗಳ ಹಿಂದೆ ಬರೆದು ಕ್ಲಿಪ್ಪು ಹಾಕಿಟ್ಟಿದ್ದ. ಒಂದು ಪುಟದಲ್ಲಿ ಬೀಗರ ಗರ್ಜನೆ, ಮಗುಚಿದರೆ ಎರಡು ಮಟನ್ ಸೂಪು.

ಇಂದ್ರಾಣಿ ಓದುತ್ತಾ ಹೋದವಳು ತಟ್ಟನೆ ನಿಂತಳು. "ಕ್ಯಾಮಿಲಸ್, ಮೂರನೇ ಸೀನ್‌ನಲ್ಲಿ ಬೀಗರು ಕ್ಷಮಿಸಿ ಅಂತ ಕೈ ಮುಗೀಬೇಕು. ಇಲ್ಲಿ 'ಹೋಗಯ್ಯಾ, ನಿನ್ನಂಥವರನ್ನು ಎಷ್ಟು ಕಂಡಿದ್ದೇನೆ' ಅಂತಿದೆ?"

"ಅದು ಎಂತ ಗೊತ್ತುಂಟಾ ಅಕ್ಕ, ಪ್ರಾಕ್ಟೀಸ್ ಮಾಡುವಾಗ ಸ್ವಲ್ಪ ಡೆವಲಪ್ ಆದದ್ದು" ಎಂದ ಕ್ಯಾಮಿಲಸ್ ನಾಚಿಕೊಂಡು.

ಚಾಮರಾಜನಿಗೆ ಜೀವ ಬಂತು. "ನೋಡಿದ್ಯಾ! ಮನುಷ್ಯರೂ ಕೇಳದೆ ತಿದ್ತಾರೆ!"

"ಅವರು ಒಂದು ಸಾಲು ತಿದ್ದಿದಾರೆ. ನೀವು ಮೂವತ್ತೆರಡು ಪುಟ ನುಂಗಿ ಕೂತಿದೀರಿ. ಗಾಡಿ ಬಿಡಿ" ಎಂದಳು ಇಂದ್ರಾಣಿ.

ಮುಂದೆ ಬನಿಯಾಸ್. ರಾಯರ ಹೆಂಡತಿಯ ಪಾತ್ರ ಮಾಡುವ ರೆಜಿನಾ ಅಲ್ಲಿರುತ್ತಾಳೆ. ಅವಳು ನರ್ಸು. ಪ್ರತಿ ಮಾತನ್ನೂ ಡೈರಿಯಲ್ಲಿ ನಂಬರು ಹಾಕಿ, ಹಿಂದಿನವರ ಕೊನೆಯ ಪದವನ್ನು ಕೆಂಪು ಶಾಯಿಯಲ್ಲಿ ಗುರುತಿಸಿ ಇಟ್ಟುಕೊಂಡಿದ್ದಳು. ಅಷ್ಟೇ ಅಲ್ಲ, ಎಲ್ಲವೂ ಬಾಯಿಪಾಠ. ಡೈರಿ ಮುಚ್ಚಿ, ಸೆರಗು ಸಿಕ್ಕಿಸಿದಂತೆ ದುಪಟ್ಟಾ ಸಿಕ್ಕಿಸಿ, ಸೋಫಾದಲ್ಲಿ ಕೂತಿದ್ದ ಚಾಮರಾಜನ ಎದುರು ನಿಂತು ಶುರುಮಾಡಿದಳು. "ನಿಮ್ಮನ್ನು ಕಟ್ಟಿಕೊಂಡು ನಾನು ಯಾವ ಸುಖ ಕಂಡೆ?"

"ಯಾವ ಸುಖ ಕಂಡೆ... ಹೂಂ, ಮುಂದೆ?" ಎಂದು ಇಂದ್ರಾಣಿ ಬರೆದುಕೊಂಡಳು.

"ಒಂದು ಕೆಲಸವನ್ನಾದರೂ ನೆಟ್ಟಗೆ ಮಾಡಿದ್ದುಂಟಾ? ಮಾತಾಡಿದರೆ ಮಾತ್ರ ದೊಡ್ಡ ಪಂಡಿತ!"

"ಮಾತ್ರ ದೊಡ್ಡ ಪಂಡಿತ. ಚೆನ್ನಾಗಿದೆ. ಆಮೇಲೆ?"

"ಒಂದು ನಿಮಿಷ" ಎಂದ ಚಾಮರಾಜ ಬೆವರೊರೆಸಿಕೊಂಡು. "ಇದು ನಾಟಕದಲ್ಲಿತ್ತಾ?"

"ಇತ್ತು" ಎಂದರು ಇಬ್ಬರೂ ಒಟ್ಟಿಗೆ. ಅವನಿಗೇಕೋ ನಂಬಿಕೆ ಬರಲಿಲ್ಲ. ಆದರೆ ಇಲ್ಲ ಎನ್ನಲು ಅವನ ಕೈಯಲ್ಲಿ ಮೂಲ ಪ್ರತಿ ಎಲ್ಲಿತ್ತು?

ಉಳಿದವನು ರಾಯರ ಮನೆಯ ಒಂದು ಕೋಣೆಯಲ್ಲಿ ಬಾಡಿಗೆಗಿರುವವನ ಪಾತ್ರದ ಶಾಮಸುಂದರ. ಬೆಂಗಳೂರಿನವನು, ದೂರದ ಮರಳುಗಾಡಿನ ನಡುವಿನ ಮದೀನತ್ ಜಾಯೆದಿನ ಕ್ಯಾಂಪಿನಲ್ಲಿ ಡ್ಯೂಟಿಯಲ್ಲಿದ್ದ, ಬರುವುದು ಮುಂದಿನ ಶುಕ್ರವಾರವೇ. ಅವನು ಫೋನಿನಲ್ಲಿ ಎಲ್ಲವನ್ನೂ ಓದಿ ಹೇಳಿದ. "ಏನಾಯ್ತು ಮೇಡಂ, ಫೈಲ್ ಹೋಯ್ತಾ? ಸಾರ್ ಅದ್ರಲ್ಲೇ ಎಕ್ಸ್‌ಪರ್ಟ್ ಅಲ್ವಾ?" ಎಂದೂ ಕೇಳಿದ. ಫೋನು ಸ್ಪೀಕರಿನಲ್ಲಿತ್ತು.

ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಎಲ್ಲ ಚೂರುಗಳನ್ನೂ ಹರಡಿ ಇಂದ್ರಾಣಿ ಜೋಡಿಸಿದಳು. ಬೀಗರು ಇದ್ದರು. ಹೆಂಡತಿ ಇದ್ದಳು. ಬಾಡಿಗೆಯವನೂ ಇದ್ದ. ನಡುನಡುವೆ, ಪ್ರತಿ ಪುಟದಲ್ಲೂ, ಬಿದ್ದ ಹಲ್ಲಿನ ಜಾಗದಂತೆ ಖಾಲಿ ಸಾಲುಗಳು.

"ರಾಯರದೊಂದು ಬಾಕಿ. ಎಲ್ಲಿ ನಿಮ್ಮ ಚೀಟಿ?" ಎಂದು ಕೈ ಚಾಚಿದಳು.

ಚಾಮರಾಜ ಖಾಲಿ ಜೇಬುಗಳನ್ನು ತಡವಿದ.

"ಬರ್ಕೊಂಡಿಲ್ವಾ?"

"ನಾಟಕ ಬರೆದವಳ ಗಂಡ ನಾನು! ಒಂದೇ ಸೂರಿನಡಿ ಇದೀವಿ, ಫೈಲ್ ಮನೇಲೇ ಇದೆ, ನಾನ್ಯಾಕೆ ಬರ್ಕೊಳ್ಳಲಿ ಅಂತ... ರಿಹರ್ಸಲ್‌ನಲ್ಲಿ ಲ್ಯಾಪ್‌ಟಾಪ್ ನೋಡ್ಕೊಂಡೇ ಓದ್ತಿದ್ದೆನಲ್ಲ."

"ನೆನಪಿರೋದು ಹೇಳಿ, ನೋಡೋಣ."

"ಒಳಗೆ ಬಂದು 'ಏನೇ...' ಅಂತೀನಿ."

"ಆಮೇಲೆ?"

"ಆಮೇಲೆ ಜನ ನಗ್ತಾರೆ."

ಹೋಟೆಲಿನ ಕ್ಯಾಪ್ಟನ್ ಉಳಿಸಿಕೊಂಡಿದ್ದ, ನರ್ಸು ಉಳಿಸಿಕೊಂಡಿದ್ದಳು, ಮರಳುಗಾಡಿನ ಕ್ಯಾಂಪಿನಲ್ಲಿದ್ದವನೂ ಉಳಿಸಿಕೊಂಡಿದ್ದ. ಕಡತ ಸಂರಕ್ಷಣೆಯ ಮಹಾಪಂಡಿತರ ಪಾತ್ರವೊಂದೇ ಭೂಮಿಯ ಮೇಲಿಂದ ಅಳಿಸಿಹೋಗಿತ್ತು! ಚಾಮರಾಜನಿಗೆ ಈಗ ಬಂದ ಸಿಟ್ಟು ಯಾರ ಮೇಲೆ ಎಂದು ಅವನಿಗೇ ತಿಳಿಯಲಿಲ್ಲ. ಕಡೆಗೆ ಹೆಂಡತಿಯ ಮೇಲೇ ತಿರುಗಿದ. "ಬರೆದವಳು ನೀನು! ನಿನಗೆ ನೆನಪಿಲ್ವಾ?"

"ನೆನಪಿದೆ" ಎಂದಳು ಇಂದ್ರಾಣಿ ಶಾಂತವಾಗಿ. "ಒಂದೊಂದು ಮಾತೂ ನೆನಪಿದೆ. ಒಳ್ಳೊಳ್ಳೇ ಮಾತೆಲ್ಲ ನಿಮಗೇ ಅಂತ ಇಟ್ಟಿದ್ದೆ."

"ಹಾಗಾದ್ರೆ ಬರಿ ಮತ್ತೆ!"

"ಬರೆಯಲ್ಲ."

"ಅಂದ್ರೆ?"

"ಬೀಗರು ಮನೆಗೆ ಕಾಲಿಟ್ಟ ದಿನದಿಂದ ರಾಯರು ಮೌನವ್ರತ ಹಿಡಿದಿದಾರೆ. ಖಲಾಸ್."

"ಇಂದ್ರಾಣಿ! ಇಡೀ ಆಫೀಸಿಗೆ ಹೇಳಿದೀನಿ ಕಣೇ! ನೌಶಾದ್ ಬರ್ತಾನೆ!"

"ಒಳ್ಳೇದೇ ಆಯ್ತು. ಅವರಿಗೆ ಕನ್ನಡ ಬರಲ್ಲ ಅಂದ್ರಲ್ಲ, ನಿಮ್ಮ ಪಾತ್ರ ಒಂದಾದ್ರೂ ಪೂರ್ತಿ ಅರ್ಥವಾಗುತ್ತೆ."

ಚಾಮರಾಜ ಬೇಡಿದ, ಬೈದ, ಒಂದು ಹೊತ್ತು ಊಟ ಬಿಟ್ಟ. ಯಾವುದೂ ನಡೆಯಲಿಲ್ಲ. ಹೊಸ ಫೈಲನ್ನು ಅವಳು ಮೂರು ಕಡೆ ಉಳಿಸಿದಳು. ಒಂದು ಪೆನ್ ಡ್ರೈವಿನಲ್ಲಿ, ಒಂದು ರೆಜಿನಾಳ ಕಂಪ್ಯೂಟರಿನಲ್ಲಿ, ಒಂದು ಕಾಗದದ ಮೇಲೆ. "ಓದಬಹುದು, ತಿದ್ದೋಕಾಗಲ್ಲ, ಹಾಗೆ ಮಾಡೋದು ಹೇಗೆ?" ಎಂದು ಅವನನ್ನೇ ಕೇಳಿದಳು. ವಿದ್ಯೆ ಕೇಳಿದವರಿಗೆ ಇಲ್ಲವೆನ್ನಬಾರದೆಂದು ಅವನು ಗಂಭೀರವಾಗಿ ಹೇಳಿಕೊಟ್ಟ. ಅವಳು ಕೂಡಲೇ ಫೈಲಿಗೆ ಗುಪ್ತಪದ ಹಾಕಿದಳು, ಅದು ಏನೆಂದು ಹೇಳಲಿಲ್ಲ. ಸೋಮವಾರ ಚಾಮರಾಜ ಆಫೀಸಿನಲ್ಲಿ ಎಂಟನೇ ನಿಯಮ ಸೇರಿಸಿದ: ಬ್ಯಾಕಪ್ ಅನ್ನು ಎಐ ಕೈಗೆ ಸಿಗುವ ಜಾಗದಲ್ಲಿ ಇಡಕೂಡದು. ಒಂಬತ್ತನೆಯದು: ಹಸಿದ ಹೊತ್ತಿನಲ್ಲಿ ಒಪ್ಪಿಗೆ ಕೊಡಕೂಡದು. "ಹಸಿವಿಗೂ ಇದಕ್ಕೂ ಏನು ಸಂಬಂಧ?" ಎಂದು ನೌಶಾದ್ ಕೇಳಿದ್ದಕ್ಕೆ, "ಅದು ಅನುಭವಿಗಳಿಗೆ ಮಾತ್ರ ತಿಳಿಯುವಂಥದ್ದು" ಎಂದುಬಿಟ್ಟ.

ಶನಿವಾರ ಬಂತು. ಸಭಾಂಗಣ ತುಂಬಿತು. ಮುಂದಿನ ಸಾಲಿನಲ್ಲಿ ಆಫೀಸು ಸಾಲಾಗಿ ಕೂತಿತ್ತು. ಪರದೆ ಸರಿಯಿತು. ರೇಷ್ಮೆ ಪಂಚೆ, ಜರಿ ಶಲ್ಯ, ಅಂಟಿಸಿದ ದಪ್ಪ ಮೀಸೆಯ ರಾಯರು ಒಂದು ಗಂಟೆ ಹದಿನೈದು ನಿಮಿಷ ರಂಗದ ನಡುವೆ ತುಟಿ ಬಿಗಿದು ಕೂತರು. ಬೀಗರು ಅವರ ಎದುರೇ ಅವರ ಚಪ್ಪಲಿ ಮೆಟ್ಟಿಕೊಂಡರು. ಬಾಡಿಗೆಯವನು ಅವರ ಕಾಫಿ ಕುಡಿದ. ಹೆಂಡತಿ "ಮಾತಾಡಿದರೆ ಮಾತ್ರ ದೊಡ್ಡ ಪಂಡಿತ" ಎಂದಾಗ ರಾಯರ ಮುಖ ಕೆಂಪಾಗಿ, ಕಣ್ಣು ಹೊರಬಂದು, ಬಾಯಿ ಇನ್ನೇನು ತೆರೆಯಿತು ಎನ್ನುವಷ್ಟರಲ್ಲಿ ಮತ್ತೆ ಮುಚ್ಚಿತು. ಜನ ಬಿದ್ದು ಬಿದ್ದು ನಕ್ಕರು. ನೌಶಾದ್ ಕುರ್ಚಿಯ ಕೈ ಹಿಡಿದುಕೊಂಡು ಕಣ್ಣೊರೆಸಿಕೊಂಡ. ಎಂಥಾ ಅಭಿನಯ ಎಂದು ಎಲ್ಲರೂ ಅಂದರು. ಅದು ಅಭಿನಯವಲ್ಲ, ಅಪ್ಪಟ ರೋಷ ಎಂದು ಪರದೆಯ ಮರೆಯಲ್ಲಿ ನಿಂತ ಇಂದ್ರಾಣಿಯೊಬ್ಬಳಿಗೇ ಗೊತ್ತಿತ್ತು.

ನಾಟಕ ಮುಗಿಯಿತು. ಹಿಂದಿನ ಕೋಣೆಯಲ್ಲಿ ಚಾಮರಾಜ ಕನ್ನಡಿಯ ಮುಂದೆ ಕೂತು ಮೀಸೆ ಕೀಳುತ್ತಿದ್ದ. ಮೀಸೆಯ ಅಂಟಿನ ಉರಿ, ಅದಕ್ಕಿಂತ ಹೆಚ್ಚಾಗಿ ಆಡಲಾಗದ ಮಾತುಗಳ ಉರಿ. ಕೋಣೆಯ ತುಂಬ ಜಗಳ ನಡೆದಿತ್ತು. ಕ್ಯಾಮಿಲಸ್ ಎರಡನೇ ಸೀನಿನಲ್ಲಿ ಮತ್ತೆ ಮರೆತಿದ್ದ. ಶಾಮಸುಂದರ ಒಂದು ಮಾತು ಹಾರಿಸಿದ್ದ. ಬಾಯಿಪಾಠದ ರೆಜಿನಾಳೇ ಒಂದು ಕಡೆ ಮೂರನೇ ಸೀನಿನ ಮಾತನ್ನು ಮೊದಲನೇ ಸೀನಿನಲ್ಲಿ ಆಡಿಬಿಟ್ಟಿದ್ದಳು. ಇಂದ್ರಾಣಿ ಕಾಗದ ಹಿಡಿದು ಒಬ್ಬೊಬ್ಬರ ತಪ್ಪನ್ನೂ ಓದಿ ಹೇಳುತ್ತಿದ್ದಳು.

ಬೈಸಿಕೊಂಡ ಕ್ಯಾಮಿಲಸ್ ಸೀದಾ ಬಂದು ಚಾಮರಾಜನ ಎರಡೂ ಕೈ ಹಿಡಿದುಕೊಂಡ. ಅವನ ಕಣ್ಣಲ್ಲಿ ನಿಜವಾದ ಗೌರವವಿತ್ತು.

"ಚಾಮರಾಜಣ್ಣ, ನಿಮಗೆ ದೊಡ್ಡ ನಮಸ್ಕಾರ ಮಾರಾಯ್ರೆ! ಇಡೀ ನಾಟಕದಲ್ಲಿ ಒಂದೇ ಒಂದು ಮಾತು ತಪ್ಪದವರು ಅಂದ್ರೆ ನೀವೊಬ್ಬರೇ!"